ರೈತರ ಪಕ್ಷದ ರಾಧಾಮಣಿ

ಓಟಿನ ಪೆಟ್ಟಿಗೆಯ ಬೀಗ ತೆಗೆದಾಗ ರಾಧಾಮಣಿ ಗೋಡೆಗೆ ಬೆನ್ನು ಒತ್ತಿ ನಿಂತಳು. ಎದುರಿನ ಕುರ್ಚಿಯಲ್ಲಿ ಗಂಗಾಧರಯ್ಯ. ಹೆಗಲ ಮೇಲೆ ಕೆಂಪು ಟವೆಲು, ಕಣ್ಣು ಅವಳ ಮೇಲೆ.

ಕೊಳಾಲದ ಆಚೆಯ ಆ ಊರಿನಲ್ಲಿ ಇಪ್ಪತ್ತೈದು ವರ್ಷದಿಂದ ಕೆಂಪು ಬಾವುಟದ್ದೇ ಆಳ್ವಿಕೆ. ಹಾಲಿನ ಸೊಸೈಟಿಗೆ ಗಂಗಾಧರಯ್ಯ ಪ್ರತಿ ಸಲವೂ ಅವಿರೋಧ ಆಯ್ಕೆ. ನಿಮ್ಮೂರಿನವರು ಓಟಿನ ಚೀಟಿ ಕಣ್ಣಲ್ಲಾದರೂ ಕಂಡಿದ್ದಾರಾ ಎಂದು ಕೊರಟಗೆರೆಯ ಜನ ಆಡಿಕೊಳ್ಳುತ್ತಿದ್ದರು. ಈ ಸಲ ಎದುರಿಗೆ ಒಬ್ಬಳು ನಿಂತಿದ್ದಳು. ರೈತರ ಪಕ್ಷದ ರಾಧಾಮಣಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನಾಲ್ಕು ಜನರ ಮುಂದೆ ಬಾಯಿ ಬಿಡದವಳು. ನಾಮಪತ್ರ ಬೇರೆಯವರು ತುಂಬಿದ್ದರು, ಹಸಿರು ಶಾಲು ಬೇರೆಯವರು ಹೊದಿಸಿದ್ದರು. ಅವಳು ಸಹಿ ಹಾಕಿದ್ದಳು, ಅಷ್ಟೆ.

ಗಂಡ ನರಸಿಂಹರಾಜು ಅದೇ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದ. ಗಂಗಾಧರಯ್ಯ ಮುನಿದರೆ ಆ ಕೆಲಸ ಬೆಳಗಾಗುವುದರೊಳಗೆ ಹೋಗುತ್ತಿತ್ತು.

ನಿನ್ನೆ ಗಂಗಾಧರಯ್ಯನೇ ಮನೆಗೆ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದಿದ್ದ.

“ಕಮ್ಯುನಿಸ್ಟರು ಆಳ್ತಿದ್ದ ದೇಶಗಳಲ್ಲೂ ರೈತರ ಪಕ್ಷ ಇತ್ತು ಕಣಮ್ಮ. ಪೋಲೆಂಡು, ಪೂರ್ವ ಜರ್ಮನಿ. ವರ್ಷಾನುಗಟ್ಟಲೆ ನಡೀತು. ಯಾಕೇಳು? ಅವರಿಗೆ ಅವರ ಅಳತೆ ಗೊತ್ತಿತ್ತು.”

“ಗೊತ್ತಣ್ಣ.”

“ನಿನ್ ಗಂಡನೂ ಅಳತೇಲಿ ಬಲು ಹುಷಾರು ಬುಡು.” ನಗುತ್ತಾ ಎದ್ದುಹೋಗಿದ್ದ.

ರಾಧಾಮಣಿ ಒಂದು ಮನೆಗೂ ಓಟು ಕೇಳಲು ಹೋಗಿರಲಿಲ್ಲ.

ಒಟ್ಟು ನಲವತ್ತೊಂದು ಓಟು. ಅಧಿಕಾರಿ ಒಂದೊಂದೇ ಚೀಟಿ ಬಿಚ್ಚಿ ಎರಡು ಕಡೆ ಇಡತೊಡಗಿದರು. ಅವಳ ಕಡೆ ಐದಾಯಿತು. ಹನ್ನೊಂದಾಯಿತು. ಗಂಗಾಧರಯ್ಯನ ಮುಖದ ನಗು ಆರಿತು. ಬಾಗಿಲಲ್ಲಿ ಇಣುಕಿದ ನರಸಿಂಹರಾಜು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ, “ಏನ್ ಮಾಡ್ಬುಟ್ಟೆ ನೀನು?”

ಅಧಿಕಾರಿ ಕೊನೆಯ ಚೀಟಿ ಇಟ್ಟು ತಲೆ ಎತ್ತಿದರು.

“ಗಂಗಾಧರಯ್ಯ ಇಪ್ಪತ್ತು. ರಾಧಾಮಣಿ ಇಪ್ಪತ್ತೊಂದು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾಧಾಮಣಿ ಓಡಿಬಂದು ಗಂಗಾಧರಯ್ಯನ ಕಾಲು ಹಿಡಿದುಕೊಂಡಳು.

“ಸೋಲ್ಲಿ ಅಂತ್ಲೇ ಅಲ್ವಾ ಅಣ್ಣ ನೀವು ನನ್ನ ನಿಲ್ಸಿದ್ದು? ದೇವರಾಣೆ, ಯಾರನ್ನೂ ಓಟು ಕೇಳ್ಲಿಲ್ಲ ನಾನು! ನಮ್ಮ ಯಜಮಾನ್ರ ಕೆಲಸ ಕಿತ್ಕಬೇಡಿ!”

ಪಕ್ಕದ ಮನೆಯ ಲಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ, ಒಂದೂ ಬೀಳದಿದ್ರೆ ಹೆಣ್ಮಗ ಹೆಂಗೆ ತಲೆ ಎತ್ಕಂಡು ತಿರುಗ್ತದೆ ಅಂತ ನಾನೊಬ್ಳು ಹಾಕ್ದೆ ಕಣಪ್ಪ.”

“ನಾನೂ ಅದಕ್ಕೇಯ,” ಎಂದ ಅವಳ ಪಕ್ಕದಲ್ಲಿ ನಿಂತಿದ್ದ ರೇಣುಕಯ್ಯ.

ಹಿಂದಿನಿಂದ ಇನ್ನೊಬ್ಬರು ಅದನ್ನೇ ಹೇಳಿದರು. ಮತ್ತೊಬ್ಬರು.

ಗಂಗಾಧರಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

“ನಾನೂ ಅದಕ್ಕೇ ಹಾಕ್ದೆ ಕಣಮ್ಮ,” ಎಂದ.