ತಿಪ್ಪೇಶನ ದನಿ

ಇದು ನಡೆದದ್ದೇ; ನಂಬದಿದ್ದರೆ ಕೊನೆಯ ಬೆಂಚಿನವರನ್ನು ಕೇಳಿ. ಇತಿಹಾಸದ ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಜರಿಯನ್ನು ದನಿ ಕೇಳಿಯೇ ಒಪ್ಪುತ್ತಿದ್ದರು. ತಿಪ್ಪೇಶ ವರ್ಷವಿಡೀ ಕಬಡ್ಡಿ ಆಡಿಕೊಂಡು ಹೊರಗೇ ಇದ್ದ. ಮೊದಲ ದಿನದಿಂದಲೂ ಅವನ ಹೆಸರು ಕರೆದಾಗ ದನಿ ದಪ್ಪ ಮಾಡಿ “ಎಸ್ ಸಾರ್” ಎಂದವನು ಗೆಳೆಯ ಪಾಲಾಕ್ಷ.

ಇವತ್ತು ಹಾಲ್ ಟಿಕೆಟ್ ಕೊಡುವ ದಿನ. ತಿಪ್ಪೇಶ ತಾನೇ ಬಂದು ಪಾಲಾಕ್ಷನ ಪಕ್ಕ ಕುಳಿತಿದ್ದ. ಸಿಕ್ಕಿಬಿದ್ದರೆ ಇಬ್ಬರಿಗೂ ಪರೀಕ್ಷೆ ಇಲ್ಲ.

“ತಿಪ್ಪೇಶ!”

“ಎಸ್ ಸಾರ್,” ಎಂದ ತಿಪ್ಪೇಶ.

ಮೇಷ್ಟ್ರು ತಲೆ ವಾಲಿಸಿದರು. “ಇನ್ನೊಂದ್ಸಲ ಹೇಳು.”

“ಎಸ್... ಸಾರ್.”

“ಇದು ತಿಪ್ಪೇಶನ ದನಿ ಅಲ್ಲ.”

ಪಾಲಾಕ್ಷ ತಿಪ್ಪೇಶನನ್ನು ಮೊಣಕೈಯಿಂದ ತಿವಿದ.

“ನಾನೇ ಸಾರ್, ನಮ್ಮವ್ವನಾಣೆ!”

“ಅವ್ವನ ಮೇಲೆ ಬೇರೆ ಆಣೆ ಇಡ್ತೀಯೇನೋ? ಏಳು, ಆಚೆ ನಡಿ! ತಿಪ್ಪೇಶ, ಎಲ್ಲಿದ್ದೀಯಪ್ಪಾ? ಬಾಯಿ ಬಿಡು, ಇಲ್ದಿದ್ರೆ ಹಾಲ್ ಟಿಕೆಟ್ ಇಲ್ಲ.”

ಪಾಲಾಕ್ಷ ದನಿ ದಪ್ಪ ಮಾಡಿದ. “ಎಸ್ ಸಾರ್.”

ತರಗತಿಯೆಲ್ಲ ಗೊಳ್ಳೆಂದಿತು.

“ನೋಡಿದ್ರಾ? ನನ್ನ ಕಿವಿಗೇ ಟೋಪಿ ಹಾಕೋಕೆ ಬರ್ತಾರೆ!” ಎಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.