ಮುದ್ರೆ ಹಾಕಿದ ಉಗ್ರಾಣ

ಅಣ್ಣ ಜಪಾರ್ ಹಿತ್ತಲ ಬಾಗಿಲಿನಿಂದ ಮಂಬೆತನ ಮನೆಯೊಳಗೆ ನುಸುಳಿದ್ದನ್ನು ಬುರುಲ್ ಕಣ್ಣಾರೆ ಕಂಡಳು. ಮಂಬೆತ್ ಆ ಕಣಿವೆಯ ಹಿಟ್ಟಿನ ವ್ಯಾಪಾರಿ. ಜಪಾರ್ ಸರ್ಕಾರಿ ಹಿಟ್ಟಿನ ಉಗ್ರಾಣದ ಉಸ್ತುವಾರಿ. ಬೀದಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುವವರು.

ಮಂಬೆತನ ಪಕ್ಕದ ಮನೆಗೆ ರೊಟ್ಟಿ ಕೊಡಲು ಬಂದಿದ್ದ ಬುರುಲ್ ಅವನ ಕಿಟಕಿಯ ಬಳಿ ನಿಂತುಬಿಟ್ಟಳು. ಒಳಗೆ ಊಟದ ಹಾಸು ಹರಡಿತ್ತು, ಬಟ್ಟಲುಗಳಲ್ಲಿ ಚಹಾ ಇತ್ತು. ಜಪಾರ್ ಎದುರಿನ ದುಂಡು ರೊಟ್ಟಿಯ ಮೇಲೆ ಅಂಗೈ ಊರಿ ಏನೋ ಹೇಳುತ್ತಿದ್ದ. ಮಂಬೆತ್ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಆ ಸೀಮೆಯಲ್ಲಿ ರೊಟ್ಟಿ ಮುಟ್ಟಿ ಯಾರೂ ಹುಡುಗಾಟಕ್ಕೆ ಮಾತಾಡುವುದಿಲ್ಲ. ಮುಟ್ಟಿದರೆ ಅದು ಆಣೆ.

ಉಗ್ರಾಣದ ಹಿಟ್ಟಿನ ವ್ಯಾಪಾರ ಕುದುರಿತು ಎಂದುಕೊಂಡಳು ಬುರುಲ್.

ಆ ವರ್ಷ ಹಿಮ ಅವಸರ ಮಾಡಿ ಬಂದಿತ್ತು. ಘಟ್ಟದ ದಾರಿ ಮುಚ್ಚಿತ್ತು. ಇನ್ನು ವಸಂತದವರೆಗೆ ಕಣಿವೆಗೆ ಒಂದು ಲಾರಿಯೂ ಬರುವಂತಿರಲಿಲ್ಲ. ಮಂಬೆತನ ಕೊಟ್ಟಿಗೆಯಲ್ಲಿ ಹಿಟ್ಟಿನ ಚೀಲಗಳು ಸೂರು ಮುಟ್ಟಿದ್ದವು. ಅವನು ದಿನಕ್ಕಿಷ್ಟೆಂದು ಹೊರಗೆ ತಂದು, ಬೆಲೆ ಏರಿಸಿ, ಉಳಿದದ್ದಕ್ಕೆ ಬೀಗ ಹಾಕಿ ಕೂರುತ್ತಿದ್ದ. ರೊಟ್ಟಿ ಸುಟ್ಟು ಮಾರುವ ಬುರುಲ್‌ಳ ತಂದೂರು ಒಲೆ ಬೆಳಗಿನ ಹೊತ್ತು ಒಂದೇ ಸಲ ಉರಿದು ಆರುತ್ತಿತ್ತು. ಹೆಂಗಸರು ಒಂದು ರೊಟ್ಟಿಯನ್ನು ನಾಲ್ಕಾಗಿ ಹಂಚಿಕೊಂಡು ಒಯ್ಯುತ್ತಿದ್ದರು. ಅವಳ ಪಕ್ಕದ ಮನೆಯ ಮಕ್ಕಳು ಬರೀ ಉಪ್ಪು ಚಹಾ ಕುಡಿದು ಮಲಗುತ್ತಿದ್ದವು.

ಊರಿಗೆ ಉಳಿದಿದ್ದ ಆಸೆ ಒಂದೇ, ಸರ್ಕಾರಿ ಉಗ್ರಾಣ. ಬೆಲೆ ಕೈಮೀರಿದಾಗ ಮುದ್ರೆ ಒಡೆದು ಹಳೇ ದರಕ್ಕೆ ಹಿಟ್ಟು ಮಾರಲೆಂದೇ ಸರ್ಕಾರದ ಆಹಾರ ನಿಗಮ ಅದನ್ನು ಕಟ್ಟಿಸಿತ್ತು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಲಾರಿಗಳು ಬಂದು, ಹಳೇ ಹಿಟ್ಟು ತೆಗೆದು ಹೊಸದು ತುಂಬಿ ಹೋಗುತ್ತಿದ್ದವು. ಈ ಸಲವೂ ತಾಡಪಾಲು ಹೊದ್ದ ಲಾರಿಗಳು ಧೂಳೆಬ್ಬಿಸಿಕೊಂಡು ಬಂದು ಹೋದದ್ದನ್ನು ಊರೆಲ್ಲ ನೋಡಿತ್ತು. ಬರದೇ ಇದ್ದದ್ದು ಬಾಗಿಲು ತೆರೆಯುವ ಅಪ್ಪಣೆ ಮಾತ್ರ.

ಬುರುಲ್ ಅಣ್ಣನನ್ನು ಗೋಗರೆದಿದ್ದಳು. ಮೇಲಿನಿಂದ ಹೇಳಲಿ, ತೆಗೆಯುತ್ತೇನೆ ಎಂದಿದ್ದ ಅವನು.

"ಮೇಲಿನೋರು ಹಿಮದ ಆಚೆ ಬೆಚ್ಚಗಿದಾರೆ ಅಣ್ಣ. ಹಸಿವಿರೋದು ಈ ಕಡೆ."

ಜಪಾರ್ ತನ್ನ ಬೂಟು ನೋಡುತ್ತ ಕೂತಿದ್ದ. ಮುಂದಿಟ್ಟ ರೊಟ್ಟಿಯನ್ನೂ ಮುಟ್ಟದೆ ಎದ್ದು ಹೋಗಿದ್ದ. ಪಾಪ, ಜ್ವರವಿರಬೇಕು ಎಂದು ಅವಳು ಆಗ ಕನಿಕರಪಟ್ಟಿದ್ದಳು. ಈಗ ಆ ಕನಿಕರ ನೆನೆದರೇ ಅವಳಿಗೆ ಮೈ ಉರಿಯಿತು.

ಮರುದಿನ ಬೆಳಿಗ್ಗೆ ಮಂಬೆತನ ಕೊಟ್ಟಿಗೆಯ ಬಾಗಿಲು ಹಾರು ಹೊಡೆದಿತ್ತು. ಹಿಮದ ಮೇಲೆ ಎಳೆಯುವ ಜಾರುಬಂಡಿಗಳಲ್ಲಿ ಚೀಲಗಳು ಬಂದು ಸಂತೆಕಟ್ಟೆಯಲ್ಲಿ ಬಿದ್ದವು. ದರ ಹಳೇ ದರಕ್ಕಿಂತಲೂ ಕಡಿಮೆ. ಹೆತ್ತ ತಾಯಿಗೂ ರಿಯಾಯಿತಿ ಕೊಡದ ಮನುಷ್ಯ, ಹುಳಿ ತಿರುಗುವ ಹಾಲು ಮಾರುವವನ ಹಾಗೆ ಗಡಿಬಿಡಿಯಲ್ಲಿ ಮಾರುತ್ತಿದ್ದ. ಜನ ನಗುತ್ತ ಸಾಲು ನಿಂತರು.

ಬುರುಲ್‌ಗೆ ನಗು ಬರಲಿಲ್ಲ. ಕದ್ದ ಮಾಲಲ್ಲದಿದ್ದರೆ ಇಷ್ಟು ಅವಸರ ಯಾಕೆ? ಚೀಲಗಳ ಮೇಲೆ ಸರ್ಕಾರದ ಗುರುತಿರಲಿಲ್ಲ ನಿಜ, ಆದರೆ ಚೀಲ ಬದಲಾಯಿಸುವುದೇನು ಮಹಾ ಕೆಲಸ? ಉಗ್ರಾಣದ ಬಾಗಿಲ ಮುದ್ರೆ ನೆಟ್ಟಗಿತ್ತು ನಿಜ, ಆದರೆ ಮುದ್ರೆ ಒತ್ತುವ ಇಕ್ಕಳ ಇದ್ದದ್ದು ಅವಳ ಅಣ್ಣನ ಜೇಬಿನಲ್ಲೇ. ಅಪ್ಪ ಸತ್ತ ಮೇಲೆ ತನ್ನ ಪಾಲಿನ ತುತ್ತು ಮುರಿದು ಅವಳ ಬಾಯಿಗಿಟ್ಟು ಬೆಳೆಸಿದವನು ಇವನೇ. ಅವನು ಊರಿನ ತುತ್ತನ್ನು ಮಾರಿಕೊಂಡನಲ್ಲ ಎಂದು ಅವಳಿಗೆ ಎದೆ ಒಡೆದಂತಾಯಿತು. ಅತ್ತಳು. ಅತ್ತು ಮುಗಿಸಿ ತಂದೂರಿನ ಬಳಿ ನೆರೆದಿದ್ದ ಹೆಂಗಸರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಹಾರೆ ಹಿಡಿದು ಉಗ್ರಾಣದ ಮುಂದಿತ್ತು. ಜಪಾರ್ ಬಾಗಿಲಿಗೆ ಅಡ್ಡ ನಿಂತ. ಕಳ್ಳ ಎಂದರು, ಕದಲಲಿಲ್ಲ. ಮುಖಕ್ಕೆ ಉಗಿದರು, ಒರೆಸಿಕೊಳ್ಳಲಿಲ್ಲ. ಬುರುಲ್‌ಳ ಕೈಯಲ್ಲೂ ಹಾರೆ ಇದ್ದದ್ದನ್ನು ಕಂಡಾಗ ಮಾತ್ರ ಬಾಯಿ ಬಿಟ್ಟ.

"ಬೇಡ ಕಣಮ್ಮ. ನನ್ನ ಕಟ್ಟಿಹಾಕಿ ಹೊಡೀರಿ, ಬಾಗಿಲು ಮಾತ್ರ ತೆಗೀಬೇಡಿ."

ಅವಳು ಅವನನ್ನು ತಳ್ಳಿ ಹಾರೆ ಮೀಟಿದಳು. ಬಾಗಿಲು ಕಿರುಗುಟ್ಟುತ್ತ ತೆರೆಯಿತು.

ಒಳಗೆ ಒಂದು ಚೀಲವೂ ಇರಲಿಲ್ಲ. ಗೋಡೆಯಿಂದ ಗೋಡೆಗೆ ಬರೀ ನೆಲ, ಅದರ ಮೇಲೆ ಸುಗ್ಗಿ ಕಾಲದ ಒಣ ಧೂಳು. ಜನ ಹೋ ಎಂದು ಕೂಗಿದರು. ಬುರುಲ್ ಅಣ್ಣನ ಕೆನ್ನೆಗೆ ಬಾರಿಸಿದಳು. ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹೊಡಿ, ಪರವಾಗಿಲ್ಲ. ಮೊದಲು ಬಾಗಿಲು ಮುಚ್ಚು. ಮಂಬೆತ್ ಬರೋದ್ರೊಳಗೆ ಮುಚ್ಚು."

ಮಂಬೆತ್ ಆಗಲೇ ಬಂದಿದ್ದ. ಸಂತೆಯ ಗದ್ದಲ ಇಲ್ಲಿಗೆ ತಿರುಗಿದ್ದು ಕಂಡು ಆಳುಗಳೊಂದಿಗೆ ಓಡಿ ಬಂದಿದ್ದ. ಜನರನ್ನು ಸರಿಸಿ ಒಳಗೆ ಇಣುಕಿದ, ಮತ್ತೊಮ್ಮೆ ಇಣುಕಿದ. ಆಮೇಲೆ ಜಪಾರ್‌ನ ಕಡೆ ತಿರುಗಿದ. ಅವನ ದನಿ ನಿಜಕ್ಕೂ ನೊಂದವನದು.

"ರೊಟ್ಟಿ ಮುಟ್ಟಿ ಹೇಳಿದ್ಯಲ್ಲೋ, ಉಗ್ರಾಣ ತುಂಬಿದೆ, ನಾಳಿದ್ದು ಬಾಗಿಲು ತೆಗೀತಾರೆ, ನಿನ್ನ ಮಾಲು ಕೇಳೋರಿರಲ್ಲ ಅಂತ. ನಿನ್ನ ನಂಬಿ ಅರ್ಧ ಕೊಟ್ಟಿಗೆ ಮಣ್ಣಿನ ಬೆಲೆಗೆ ಮಾರ್ಬಿಟ್ನಲ್ಲ."

ಬುರುಲ್‌ಳ ಕೈಯಿಂದ ಹಾರೆ ಜಾರಿತು. ಜಪಾರ್ ಅವಳ ಕಡೆ ಬಗ್ಗಿದ. ತಂಗಿಗೆ ಮಾತ್ರ ಕೇಳುವಂತೆ ಹೇಳಿದ.

"ಲಾರಿಗಳು ಹಳೇ ಹಿಟ್ಟು ತಗೊಂಡು ಹೋಗೋಕಷ್ಟೇ ಬಂದಿದ್ದು ಕಣೆ. ಮೇಲಿನೋರು ಹೊಸದು ಕಳಿಸ್ಲೇ ಇಲ್ಲ. ಕೇಳಿದ್ರೆ, ಮುದ್ರೆ ಕಾಪಾಡ್ಕೊಂಡು ಬಾಯಿ ಮುಚ್ಕೊಂಡಿರು ಅಂದ್ರು."

ಮಂಬೆತ್ ಟೋಪಿ ತೆಗೆದು ಹಿಮ ಕೊಡವಿದ. ಮತ್ತೆ ತಲೆಗಿಟ್ಟುಕೊಂಡು ಆಳುಗಳತ್ತ ತಿರುಗಿ, "ಉಳಿದ ಚೀಲ ಎಲ್ಲಾ ವಾಪಸ್ ಒಳಗೆ ಹಾಕಿ ಬೀಗ ಜಡೀರಿ," ಎಂದ.