ತೋಳಿಗೆ ಕೂತ ತುಡುವೆ

ನುಗ್ಗೆಮರದ ಕೊಂಬೆ ಲಟಕ್ಕನೆ ಮುರಿದಾಗ ಶೋಭಿತಾ ಇನ್ನೂ ಏಣಿಯ ಮೇಲೇ ಇದ್ದಳು. ಕೊಂಬೆಗೆ ಜೋತುಬಿದ್ದಿದ್ದ ತುಡುವೆ ಜೇನಿನ ಹಿಂಡು ಅವಳು ಹಿಡಿದಿದ್ದ ಬುಟ್ಟಿಗೆ ಬೀಳುವ ಬದಲು ನೆಲಕ್ಕೆ ಬಿದ್ದು ಚೆದುರಿತು. ನೋಡನೋಡುತ್ತಿದ್ದಂತೆ ಹಿತ್ತಲ ತುಂಬ ಹುಳುಗಳು. ಸೊಸೆಯನ್ನು ಕೆಳಗೆ ಎಳೆದುಕೊಳ್ಳಲು ಅಡುಗೆಮನೆಯಿಂದ ಓಡಿಬಂದ ಚಿಕ್ಕಬೋರಮ್ಮ ಆ ಮೊರೆತದ ನಟ್ಟನಡುವೆ ಸಿಕ್ಕಿಕೊಂಡಳು.

“ಇಳಿಯೇ, ಇಳಿ! ಗಂಡನ್ನ ನುಂಗಿದ್ದು ಸಾಲ್ದು ಅಂತ ಸೊಸೇನೂ ಕೊಡ್ಲಾ ನಾನು ಇವುಕ್ಕೆ?”

ಅವಳ ಗಂಡ ಮರಿಸಿದ್ದಯ್ಯ ಕಬ್ಬಿನ ಗದ್ದೆಯ ಬದುವಿನಲ್ಲಿ ಹೆಜ್ಜೇನು ಮುತ್ತಿ ಸತ್ತಿದ್ದ. ಅಂದಿನಿಂದ ಕಿವಿಯ ಹತ್ತಿರ ನೊಣ ಗುಂಯ್ ಎಂದರೂ ಅವಳ ಎದೆ ಹಾರುತ್ತಿತ್ತು. ಅಂಥ ಮನೆಯ ಹಿತ್ತಲಿನಲ್ಲಿ ಸೋರೆ, ಕುಂಬಳದ ಹೂಗಳು ಕಾಯಿ ಕಚ್ಚದೆ ಉದುರುತ್ತಿವೆ ಎಂದು ಶೋಭಿತಾ ಜೇನು ತರಲು ಹೊರಟಿದ್ದಳು. ವಿ.ಸಿ. ಫಾರಂನ ಕೃಷಿ ಕೇಂದ್ರಕ್ಕೆ ಹೋಗಿ ಪೆಟ್ಟಿಗೆ ಜೇನು ನೋಡಿಬಂದವಳಿಗೆ ಪೆಟ್ಟಿಗೆ ಹಿಡಿಸಲಿಲ್ಲ. ಮರದ ಪೊಟರೆಯಲ್ಲಿ ಹೇಗಿರುತ್ತವೋ ಹಾಗೇ ಇರಲಿ ಎಂದು, ಬಿದ್ದಿದ್ದ ಹಲಸಿನ ದಿಮ್ಮಿಯೊಂದನ್ನು ಫೋನು ನೋಡಿಕೊಂಡು ಕೆತ್ತಲು ಕೂತಳು. ಉಳಿ ಜಾರಿ ಹೆಬ್ಬೆರಳು ಸೀಳಿತು, ದಿಮ್ಮಿಯೂ ಒಂದು ಕಡೆ ಬಿರಿಯಿತು. ಬಿರುಕಿಗೆ ಸಗಣಿ ಮಣ್ಣು ಮೆತ್ತಿ, ಟೊಳ್ಳಿನೊಳಗೆ ಮೇಣ ತಿಕ್ಕಿ, ಎರಡೂ ತುದಿಗೆ ಹಲಗೆ ಮಾಡಿಟ್ಟುಕೊಂಡಿದ್ದಳು. ಅಷ್ಟು ದಿನವೂ ಅತ್ತೆ ಅವಳ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ಈಗ ಚಿಕ್ಕಬೋರಮ್ಮನ ಎಡತೋಳಿನ ಮೇಲೆ ಒಂದು ಹುಳು ಕೂತಿತು. ಅದರ ಹಿಂದೆ ಹತ್ತು, ಆಮೇಲೆ ಎಣಿಸಲಾಗದಷ್ಟು.

“ಅತ್ತೆಮ್ಮ, ಅಲ್ಲಾಡ್ಬೇಡಿ!” ಶೋಭಿತಾ ಏಣಿಯಿಂದಲೇ ಕೂಗಿದಳು. “ರಾಣಿ ನಿಮ್ಮ ಕೈಮೇಲೆ ಕೂತವ್ಳೆ. ಅದಕ್ಕೇ ಎಲ್ಲಾ ಅಲ್ಲಿಗೇ ಬತ್ತಾವೆ. ಕೊಡವಿದ್ರೆ ಕಚ್ತವೆ.”

“ಕೊಡವ್ದೇ ಇದ್ರೆ?”

“ಕಚ್ಚಲ್ಲ…” ಸೊಸೆ ಒಂದು ಮೆಟ್ಟಿಲು ಇಳಿದಳು. “ಅಂತ ಓದಿದ್ದೀನಿ.”

ಅಷ್ಟರಲ್ಲಿ ಕೊಟ್ಟಿಗೆಯ ಮಗ್ಗುಲಿಂದ ಚಿಕ್ಕಬೋರಮ್ಮನ ಮೈದುನ ಕರಿಯಯ್ಯ ಉರಿಯುವ ತೆಂಗಿನ ಸೋಗೆ ಹಿಡಿದು ನುಗ್ಗಿಬಂದ. ಅಣ್ಣ ಬದುವಿನ ಮೇಲೆ ಹೊರಳಾಡಿದ ದಿನ ಅವನ ಜೇಬಿನಲ್ಲಿ ಒಂದು ಬೆಂಕಿಕಡ್ಡಿಯೂ ಇರಲಿಲ್ಲ.

“ಅತ್ಗೆ, ಕಣ್ಮುಚ್ಕೊ! ಎಲ್ಲಾನೂ ಬೂದಿ ಮಾಡ್ತೀನಿ!”

ಶೋಭಿತಾ ಏಣಿಯಿಂದ ಹಾರಿ ಅವನಿಗೆ ಅಡ್ಡ ನಿಂತಳು. “ಬೇಡ ಮಾವ! ಬೆಂಕಿ ತೋರಿಸಿದ್ರೆ ಒಂದೇ ಸಲ ಏಳ್ತವೆ, ಅವರ ಮುಖಕ್ಕೇ ಏಳ್ತವೆ!”

“ನಿಂಗೇನೇ ಗೊತ್ತು? ಮೊನ್ನೆ ಉಳಿ ಇಡಿಯಕ್ಕೆ ಕಲ್ತೋಳು! ನಮ್ಮಣ್ಣ ಸಾಯೋದ್ನ ಕಣ್ಣಾರೆ ಕಂಡೋನು ನಾನು. ಸರಿ ಅತ್ಲಾಗೆ!”

ಶೋಭಿತಾ ಸರಿಯಲಿಲ್ಲ. ಸೋಗೆಯ ಕಿಡಿಗಳು ಅವಳ ಕಾಲ ಬಳಿ ಉದುರುತ್ತಿದ್ದವು.

ಅವರಿಬ್ಬರ ಜಗಳ ಚಿಕ್ಕಬೋರಮ್ಮನಿಗೆ ಎಲ್ಲೋ ದೂರದಲ್ಲಿ ನಡೆಯುತ್ತಿರುವಂತೆ ಕೇಳುತ್ತಿತ್ತು. ಬೆರಳಿನಿಂದ ಭುಜದವರೆಗೂ ತೋಳೇ ಕಾಣುತ್ತಿರಲಿಲ್ಲ. ಸೇರು ರಾಗಿ ಕಟ್ಟಿ ತೂಗುಹಾಕಿದಂಥ ಭಾರ, ಸಾವಿರ ಸಣ್ಣ ಕಾಲುಗಳ ಕಚಗುಳಿ. ಒಂದು ಹುಳು ಕೆನ್ನೆಯಿಂದ ರೆಪ್ಪೆಯವರೆಗೂ ನಡೆದುಬಂತು. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಗಂಡನ ಊದಿದ ಮುಖ ಕಾಣುತ್ತದೆಂದು ಗೊತ್ತಿತ್ತು. ಬಿಟ್ಟ ಕಣ್ಣಿಗೆ ಕಂಡದ್ದು ಬೇರೆ: ಇಷ್ಟು ಹುಳುಗಳಲ್ಲಿ ಒಂದಾದರೂ ಕಚ್ಚಿರಲಿಲ್ಲ.

“ಕರಿಯ,” ತುಟಿ ಅಲುಗದಂತೆ ಕರೆದಳು. “ಬೆಂಕಿ ಇಕ್ಕೋದಾದ್ರೆ ನನ್ನ ಸೆರಗಿಂದ್ಲೇ ಸುರು ಮಾಡು. ಇಲ್ಲಾಂದ್ರೆ ಅದ್ನ ಬಾನಿ ನೀರಿಗೆ ಅದ್ದಿ ಬಾ. ದಿಮ್ಮಿ ಎತ್ತಕ್ಕೆ ಇವಳೊಬ್ಬಳ ಕೈಲಾಗಲ್ಲ.”

ಕರಿಯಯ್ಯ ಅತ್ತಿಗೆಯ ಮುಖ ನೋಡಿದ. ಸೋಗೆ ಅವನ ಬೆರಳು ಸುಡುವಷ್ಟು ಉರಿದುಬಂದಿತ್ತು. ಕೊನೆಗೆ ತಿರುಗಿ ಹೋಗಿ ದನಗಳ ಬಾನಿಯ ನೀರಿಗೆ ಅದನ್ನು ಅದ್ದಿದ.

ಇಬ್ಬರೂ ದಿಮ್ಮಿ ಎತ್ತಿ ತಂದು ಅವಳ ಎದೆಯ ಮಟ್ಟಕ್ಕೆ ಹಿಡಿದರು. ಒಂದು ತುದಿಯ ಹಲಗೆ ತೆಗೆದಿತ್ತು. ಚಿಕ್ಕಬೋರಮ್ಮ ಆ ಕತ್ತಲೆಯ ಬಾಯಿಗೆ ಬೆರಳು ತಾಗಿಸಿದಳು.

ನಾಲ್ಕಾರು ಹುಳುಗಳು ಒಳಗೆ ಹೋದವು, ಮೂಸಿದವು, ವಾಪಸು ಬಂದವು. ಕರಿಯಯ್ಯ ಹಿಡಿತ ಬದಲಿಸಿದಾಗ ಬಿರುಕಿನ ಮಣ್ಣು ಪುಡಿಪುಡಿಯಾಗಿ ಉದುರಿತು. ಹಿಂಡಿನ ಮೊರೆತ ಒಮ್ಮೆಲೇ ಏರಿತು. ಒಂದು ಹುಳು ಅವನ ಕಿವಿಗೆ ಕಚ್ಚಿತು. ಅವನು ಹಲ್ಲು ಕಚ್ಚಿಕೊಂಡ, ದಿಮ್ಮಿ ಮಾತ್ರ ಬಿಡಲಿಲ್ಲ.

“ಅಗೋ,” ಶೋಭಿತಾ ಪಿಸುಗುಟ್ಟಿದಳು. ಉದ್ದ ಹೊಟ್ಟೆಯ ಹುಳುವೊಂದು ಅತ್ತೆಯ ಮಣಿಕಟ್ಟಿನ ಬಳೆ ದಾಟಿ, ಬೆರಳುಗಳ ಮೇಲೆ ಹಾದು, ಟೊಳ್ಳಿನೊಳಗೆ ನುಸುಳಿತು. ಮರುಕ್ಷಣವೇ ತೂಬು ಎತ್ತಿದ ನೀರಿನಂತೆ ಇಡೀ ಹಿಂಡು ಅದರ ಹಿಂದೆ ಹರಿಯತೊಡಗಿತು.

ಕೊನೆಯ ಹುಳುವೂ ಒಳಗೆ ಸೇರಿತು. ಶೋಭಿತಾ ಹಲಗೆ ಮುಚ್ಚಿದಳು. ದಿಮ್ಮಿ ಇಳಿಸಿದ ಕರಿಯಯ್ಯ ಊದುತ್ತಿದ್ದ ಕಿವಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಚಿಕ್ಕಬೋರಮ್ಮ ಮಾತ್ರ ಚಾಚಿದ ತೋಳನ್ನು ಹಾಗೇ ಹಿಡಿದು ನಿಂತಿದ್ದಳು.

“ಮುಗೀತು ಅತ್ತೆಮ್ಮ, ಕೈ ಇಳಿಸಿ.”

“ತಡಿಯೇ,” ಎಂದಳು ಚಿಕ್ಕಬೋರಮ್ಮ, “ಇನ್ನೂ ಬೆಚ್ಚಗದೆ.”